ಬಿಟ್ಟುಕೊಟ್ಟವರು, ಕೈಬಿಟ್ಟವರು

ಇಂಗ್ಲಿಷ್ ಗೈಡುಗಳ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಎಡಗಡೆ ‘ಗಿವ್ ಅಪ್’, ಬಲಗಡೆ ‘ತ್ಯಜಿಸು’. ಕೆಳಗಿನ ಸಾಲಿನಲ್ಲಿ ‘ಪುಟ್ ಆಫ್’, ಅದರ ಎದುರಿಗೆ ‘ಮುಂದೂಡು’. ಹೀಗೆ ಎರಡು ಪುಟ. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಮರೆಯುವುದರಲ್ಲಿ ಅವರ ತಪ್ಪೇನೂ ಇಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ಸೀಮೆಯ ಬಾಳೆಹೊಸೂರಿನಲ್ಲಿ ಬೆಳೆದ ಹುಡುಗನ ಕಿವಿಗೆ ‘ತ್ಯಜಿಸು’ ಎಂಬ ಮಾತು ಬಿದ್ದರೆ ಅದು ಮಠದ ಪ್ರವಚನದಲ್ಲಿ ಬೀಳಬೇಕು. ಮನೆಯಲ್ಲಿ ಅಪ್ಪ ಬೀಡಿ ಬಿಟ್ಟಿದ್ದಾನೆ. ಅಕ್ಕ ಸಾಲಿ ಬಿಟ್ಟಿದ್ದಾಳೆ, ಅಥವಾ ಮನೆಯವರೇ ಬಿಡಿಸಿದ್ದಾರೆ. ಕಾಕಾ ಊರು ಬಿಟ್ಟು ಗೋವಾಕ್ಕೆ ದುಡಿಯಲು ಹೋಗಿದ್ದಾನೆ. ಗೊತ್ತಿಲ್ಲದ ಇಂಗ್ಲಿಷ್ ಮಾತಿಗೆ ಯಾರೂ ಆಡದ ಕನ್ನಡ ಮಾತನ್ನು ಅರ್ಥವೆಂದು ಕೊಟ್ಟರೆ ತಲೆಯಲ್ಲಿ ಎರಡೂ ನಿಲ್ಲುವುದಿಲ್ಲ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007ರಲ್ಲಿ. ಆ ವರ್ಷ ಪಾಟಿ ಹಿಡಿದು ಕೂತವರು ಈಗ ನೌಕರಿಯ ಇಂಟರ್‌ವ್ಯೂಗಳಲ್ಲಿ ಕೂರುತ್ತಿದ್ದಾರೆ. ಅವರ ಇಂಗ್ಲಿಷಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ‘ಅಬ್ಯಾಂಡನ್’, ‘ಸರೆಂಡರ್’, ‘ರಿಲಿಂಕ್ವಿಶ್’ ಎಂಬ ಭಾರದ ಪದಗಳನ್ನು ಅಂಜದೆ ಬರೆಯುತ್ತಾರೆ, ಇಂಗ್ಲಿಷರು ಅಡುಗೆಮನೆಯಲ್ಲಿ ಆಡುವ ‘ಗಿವ್ ಅಪ್’ ಬಂದಾಗ ತಡವರಿಸುತ್ತಾರೆ. ಕಾರಣ ಸರಳವಾಗಿದೆ. ‘ಸರೆಂಡರ್’ಗೆ ಒಂದೇ ಅರ್ಥ, ನಿಘಂಟು ನೋಡಿದರೆ ಮುಗಿಯಿತು. ‘ಗಿವ್’ ಅಂದರೆ ಕೊಡು, ‘ಅಪ್’ ಅಂದರೆ ಮೇಲೆ. ಎರಡನ್ನೂ ಕೂಡಿಸಿದರೆ ಬರುವುದು ‘ಮೇಲೆ ಕೊಡು’. ಅದರಿಂದ ಬೀಡಿ ಬಿಡುವುದಕ್ಕೆ ದಾರಿ ಎಲ್ಲಿದೆ?

ಈ ಕಷ್ಟ ನಮ್ಮದೊಂದೇ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಮುನ್ನುಡಿಯಲ್ಲೇ ಹೊರಗಿನವರಿಗೆ ಇಂಗ್ಲಿಷಿನಲ್ಲಿ ಬಹಳ ತೊಡಕಾಗುವ ಜಾಗ ಇದೇ ಎಂದು ಗುರುತಿಸಿದ್ದ. ಕ್ರಿಯಾಪದದ ಬಾಲಕ್ಕೆ ಒಂದು ಸಣ್ಣ ಪದ ಅಂಟಿಸಿ ಅರ್ಥವನ್ನೇ ತಿರುಗಿಸುವ ಈ ಪದ್ಧತಿ ಎಷ್ಟೋ ಶತಮಾನಗಳಿಂದ ನಡೆದು ಬಂದಿದ್ದರೂ ಅದಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಚಾಲ್ತಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಎಂಬಾತನ ಪುಸ್ತಕದ ಮೂಲಕ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬನಾಗಿದ್ದ ಹೆನ್ರಿ ಬ್ರಾಡ್ಲಿ ಈ ಹೆಸರು ಸೂಚಿಸಿದನೆಂದು ಸ್ಮಿತ್‌ನೇ ಹೇಳಿಕೊಂಡಿದ್ದಾನೆ.

ಪರಿಭಾಷೆ ಇರಲಿ. ‘ಗಿವ್ ಅಪ್’ ಎಂದು ಇಂಗ್ಲಿಷಿನವರು ಯಾವಾಗ ಹೇಳುತ್ತಾರೆ ಎಂಬುದು ಮುಖ್ಯ. ಸಿಗರೇಟು ಸೇದುವುದನ್ನು ನಿಲ್ಲಿಸಿದಾಗ. ಗಣಿತದ ಲೆಕ್ಕ ಎಷ್ಟು ಬಡಿದಾಡಿದರೂ ಬಗೆಹರಿಯದಿದ್ದಾಗ. ಬಸ್ಸಿನಲ್ಲಿ ಮುದುಕಿಗೆ ಎದ್ದು ಜಾಗ ಕೊಟ್ಟಾಗ. ಓಡಿಹೋಗಿದ್ದ ಕಳ್ಳ ತಾನೇ ಪೊಲೀಸ್ ಠಾಣೆಗೆ ಬಂದಾಗ. ಡಾಕ್ಟರು ಇನ್ನು ಆಸೆ ಇಲ್ಲ ಎಂದಾಗ. ಒಗಟಿಗೆ ಉತ್ತರ ಹೊಳೆಯದಿದ್ದಾಗ. ಇಷ್ಟಕ್ಕೂ ಅವರದು ಒಂದೇ ಮಾತು. ನಮ್ಮ ಕಡೆ ಇದೇ ಸಂದರ್ಭಗಳನ್ನು ಒಂದೊಂದಾಗಿ ತೆಗೆದುಕೊಂಡರೆ: ಬೀಡಿ ಬಿಟ್ಟ, ಲೆಕ್ಕದ ಮುಂದೆ ಕೈಚೆಲ್ಲಿದ, ಸೀಟು ಬಿಟ್ಟುಕೊಟ್ಟ, ಪೊಲೀಸರಿಗೆ ಶರಣಾದ, ಡಾಕ್ಟರು ಕೈಬಿಟ್ಟರು, ಒಗಟಿಗೆ ‘ಸೋತ್ನಿ’ ಅಂದ. ಅವರು ಒಂದೇ ಚೀಲದಲ್ಲಿ ತುಂಬಿದ್ದನ್ನು ನಾವು ಆರು ಕಡೆ ಬೇರೆ ಬೇರೆ ಇಟ್ಟಿದ್ದೇವೆ. ‘ತ್ಯಜಿಸು’ ಎಂಬುದು ಈ ಆರರಲ್ಲಿ ಮೊದಲನೆಯದಕ್ಕೆ ಹೇಗೋ ಹೊಂದುತ್ತದೆ, ಉಳಿದ ಐದಕ್ಕೆ ಇಲ್ಲ. ಬಸ್ಸಿನಲ್ಲಿ ಒಬ್ಬಾತ ಮುದುಕಿಗಾಗಿ ಸೀಟು ತ್ಯಜಿಸಿದ ಎಂದು ಬರೆದು ನೋಡಿ, ಆತ ಕಾವಿ ಉಟ್ಟು ಇಳಿದುಹೋದಂತೆ ಕೇಳಿಸುತ್ತದೆ.

ಈ ಭೇದ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಗದಗ ಜಿಲ್ಲೆಯಲ್ಲೇ ಒಂದು ಪ್ರಕರಣ ಇದೆ. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಮುತ್ತ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆ ಹಾಕಲು ಮುಂದೆ ಬಂತು. 2010ರಲ್ಲಿ ಸರ್ಕಾರದೊಂದಿಗೆ ಒಪ್ಪಂದವಾಯಿತು. ಸಾವಿರಾರು ಎಕರೆ ಭೂಮಿ ಬೇಕಿತ್ತು. ರೈತರು ತಿರುಗಿ ನಿಂತರು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳಾದರು. 2011ರ ಜುಲೈನಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಭೂಸ್ವಾಧೀನವನ್ನು ನಿಲ್ಲಿಸುವುದಾಗಿ ಹೇಳಿದರು. 2013ರಲ್ಲಿ ಕಂಪನಿಯೇ ಈ ಯೋಜನೆಯಿಂದ ಹಿಂದೆ ಸರಿಯಿತು.

ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ‘ಗಿವ್ ಅಪ್’ ಒಂದೇ ಸಾಕು. ರೈತರು ಭೂಮಿಯನ್ನು ಗಿವ್ ಅಪ್ ಮಾಡಲಿಲ್ಲ, ಸರ್ಕಾರ ಯೋಜನೆಯನ್ನು ಗಿವ್ ಅಪ್ ಮಾಡಿತು, ಕಂಪನಿಯೂ ಗಿವ್ ಅಪ್ ಮಾಡಿತು. ಕನ್ನಡದಲ್ಲಿ ಹೀಗೆ ಹೇಳಿದರೆ ಕಥೆಯೇ ಕೆಡುತ್ತದೆ. ರೈತರು ಭೂಮಿ ಬಿಟ್ಟುಕೊಡಲಿಲ್ಲ. ಸರ್ಕಾರ ಯೋಜನೆ ಕೈಬಿಟ್ಟಿತು. ಕಂಪನಿ ಹಿಂದೆ ಸರಿಯಿತು. ಬಿಟ್ಟುಕೊಡಬೇಕಾದರೆ ಅದು ಮೊದಲು ನಮ್ಮದಾಗಿರಬೇಕು, ಬಿಟ್ಟ ಮೇಲೆ ಇನ್ನೊಬ್ಬರದಾಗಬೇಕು. ಕೈಬಿಡುವುದಕ್ಕೆ ಆ ಕರಾರು ಇಲ್ಲ. ಕೈಯಲ್ಲಿ ಹಿಡಿದದ್ದನ್ನು ಬಿಟ್ಟರಾಯಿತು, ಅದು ಯಾರ ಪಾಲಾಯಿತು ಎಂದು ಮಾತು ವಿಚಾರಿಸುವುದಿಲ್ಲ. ಹಿಂದೆ ಸರಿಯುವವನು ಏನನ್ನೂ ಹಿಡಿದೇ ಇರಬೇಕಾಗಿಲ್ಲ, ಮುಂದೆ ಬಂದಿದ್ದರೆ ಸಾಕು. ಯಾರ ಹಕ್ಕು ಯಾವುದರ ಮೇಲೆ ಎಷ್ಟಿತ್ತು ಎಂಬ ತಕರಾರೆಲ್ಲ ಈ ಮೂರು ಕ್ರಿಯಾಪದಗಳಲ್ಲಿ ಅಡಗಿದೆ. ‘ಭೂಮಿ ಕೈಬಿಡುವುದಿಲ್ಲ’ ಎಂದು ರೈತ ಕೂಗುವುದಿಲ್ಲ. ಕೂಗಿದರೂ ಅದರಲ್ಲಿ ಕಸುವಿರುವುದಿಲ್ಲ.

2015ರಲ್ಲಿ ಅದೇ ‘ಗಿವ್ ಅಪ್’ ಎಂಬುದು ಇಡೀ ದೇಶದ ಅಡುಗೆಮನೆಗೇ ಬಂತು. ಉಳ್ಳವರು ಗ್ಯಾಸ್ ಸಿಲಿಂಡರಿನ ಸಬ್ಸಿಡಿ ಬೇಡವೆನ್ನಲಿ ಎಂದು ಕೇಂದ್ರ ಸರ್ಕಾರ ಆ ವರ್ಷದ ಮಾರ್ಚ್‌ನಲ್ಲಿ ‘ಗಿವ್ ಇಟ್ ಅಪ್’ ಎಂಬ ಅಭಿಯಾನ ಹೂಡಿತು. ಒಂದು ವರ್ಷದ ಸುಮಾರಿಗೆ ಒಂದು ಕೋಟಿ ಮನೆಗಳವರು ಬೇಡವೆಂದರು. ಕನ್ನಡ ಪತ್ರಿಕೆಗಳು ಇದನ್ನು ‘ಸಬ್ಸಿಡಿ ತ್ಯಜಿಸಿ’ ಎಂದು ಬರೆಯಬಹುದಿತ್ತು, ‘ಸಬ್ಸಿಡಿ ಬಿಡಿ’ ಎಂದೂ ಬರೆಯಬಹುದಿತ್ತು. ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ‘ಬಿಟ್ಟುಕೊಡಿ’. ಯಾವ ಸುದ್ದಿಮನೆಯಲ್ಲಿ ಯಾರು ಮೊದಲು ಹೀಗೆ ಬರೆದರೋ, ಅವರಿಗೆ ಕಿವಿ ಚೆನ್ನಾಗಿತ್ತು. ಬಿಟ್ಟದ್ದು ಬಡವರ ಒಲೆಗೆ ಹೋಗುತ್ತದೆ ಎಂಬ ಆ ಅಭಿಯಾನದ ಮುಖ್ಯ ಮಾತು ಇಂಗ್ಲಿಷ್ ಘೋಷಣೆಯ ಮೂರು ಪದಗಳಲ್ಲಿ ಇರಲಿಲ್ಲ. ಕನ್ನಡದ ‘ಕೊಡಿ’ಯಲ್ಲಿ ಅದು ತಾನಾಗಿ ಬಂತು.

ಇಲ್ಲಿಗೆ ನಮ್ಮ ಕೈಗೆ ಒಂದು ಎಳೆ ಸಿಕ್ಕಿತು. ಇಂಗ್ಲಿಷು ಕ್ರಿಯಾಪದದ ಮುಂದೆ ‘ಅಪ್’, ‘ಆಫ್’, ‘ಔಟ್’, ‘ಇನ್’ ಇಟ್ಟು ಮಾಡುವ ಕೆಲಸವನ್ನು ಕನ್ನಡ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಹಚ್ಚಿ ಮಾಡುತ್ತದೆ. ಬಿಟ್ಟುಬಿಡು ಅಂದರೆ ಪೂರ್ತಿ ಬಿಡು, ಮತ್ತೆ ಆ ಸುದ್ದಿ ಬೇಡ. ಬಿಟ್ಟುಕೊಡು ಅಂದರೆ ಇನ್ನೊಬ್ಬರಿಗಾಗಿ ಬಿಡು. ಬಿಟ್ಟುಕೋ ಅಂದರೆ ಒಳಗೆ ಸೇರಿಸಿಕೋ: ‘ಆಟದಾಗ ಅವನ್ನೂ ಬಿಟ್ಕೊಳ್ರೋ’. ಬಿಟ್ಟುಹೋಗು ಅಂದರೆ ಯಾರೂ ಬೇಕೆಂದು ಮಾಡದೆ ತಪ್ಪಿಹೋಗುವುದು: ‘ರೇಷನ್ ಕಾರ್ಡಿನಾಗ ನಮ್ಮ ಸಣ್ಣ ಹುಡುಗನ ಹೆಸರ ಬಿಟ್ಟಹೋಗೈತ್ರೀ ಸರ್’. ಬರೆದುಕೊಂಡವನು ನೇರವಾಗಿ ‘ನೀವು ಬಿಟ್ಟೀರಿ’ ಅನ್ನಿಸಿಕೊಳ್ಳದೆ ಉಳಿದ, ಹೇಳಿದವಳ ಮರ್ಯಾದೆಯೂ ಉಳಿಯಿತು, ಕೆಲಸವೂ ಆಗುತ್ತದೆ. ಉತ್ತರ ಕರ್ನಾಟಕದವರಾದ ನಾವು ಇದೂ ಸಾಲದೆ ‘ಒಗಿ’ ಎಂಬುದನ್ನೂ ಹಚ್ಚುತ್ತೇವೆ. ‘ಬಿಟ್ಟ ಒಗಿ ಅತ್ಲಾಗ’ ಅಂದಾಗ ಬಿಡುವುದರ ಜೊತೆಗೆ ಸಿಟ್ಟು, ತಾತ್ಸಾರ ಎರಡೂ ಹೊರಬಿದ್ದವು.

ಇಂಗ್ಲಿಷಿನ ‘ಅಪ್’ಗೆ ಮೇಲೆ ಎಂಬ ಅರ್ಥದ ಜೊತೆಗೆ ‘ಪೂರ್ತಿಯಾಗಿ’ ಎಂಬ ಅರ್ಥವೂ ಇದೆ. ‘ಈಟ್ ಅಪ್’ ಅಂದರೆ ತಿಂದುಬಿಡು, ‘ಡ್ರಿಂಕ್ ಅಪ್’ ಅಂದರೆ ಕುಡಿದುಬಿಡು, ‘ಯೂಸ್ ಅಪ್’ ಅಂದರೆ ಬಳಸಿ ಖಾಲಿ ಮಾಡಿಬಿಡು. ಎಲ್ಲ ಕಡೆ ‘ಬಿಡು’ ಬಂದು ಕೂತದ್ದನ್ನು ಗಮನಿಸಿ. ಹುಡುಗನಿಗೆ ಈ ಒಂದು ಮಾತು ತಿಳಿದರೆ ‘ಅಪ್’ ಬಾಲದ ಹತ್ತಾರು ಕ್ರಿಯಾಪದಗಳ ಅರ್ಥವನ್ನು ಅವನೇ ಊಹಿಸುತ್ತಾನೆ. ಎಲ್ಲಕ್ಕೂ ಇದು ಸಲ್ಲದು, ‘ಗೆಟ್ ಅಪ್’ ಅಂದಾಗ ಎದ್ದೇಳಬೇಕು ಅಷ್ಟೆ. ಆದರೆ ಬಾವಿ ‘ಡ್ರೈ ಅಪ್’ ಆಗುವಲ್ಲಿ ನಾವು ‘ಬತ್ತಿಬಿಡ್ತು’ಗಿಂತ ‘ಬತ್ತಿಹೋತು’ ಅನ್ನುವುದೇ ಹೆಚ್ಚು. ಮಾಡಿದವರಿರುವಲ್ಲಿ ‘ಬಿಡು’, ತಾನಾಗಿ ಆದಲ್ಲಿ ‘ಹೋಗು’. ಇಂಗ್ಲಿಷಿನ ‘ಅಪ್’ ಈ ಎರಡರ ನಡುವೆ ಭೇದ ಮಾಡುವುದಿಲ್ಲ.

ನಮ್ಮ ಸಾಲಿಯ ಕನ್ನಡ ವ್ಯಾಕರಣದಲ್ಲಿ ಈ ಸಂಗತಿಗೆ ಎಷ್ಟು ಜಾಗ ಸಿಕ್ಕಿದೆ? ಸವರ್ಣದೀರ್ಘ ಸಂಧಿ, ಬಹುವ್ರೀಹಿ ಸಮಾಸ ಕಂಠಪಾಠವಾಗುತ್ತವೆ. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ‘ಮಾಡಿಬಿಡು’, ‘ಮಾಡಿಕೊಡು’, ‘ಮಾಡಿನೋಡು’ಗಳಿಗೆ ಒಂದೆರಡು ಸಾಲು ಸಿಕ್ಕರೆ ಪುಣ್ಯ. ಕನ್ನಡಕ್ಕೆ ಸಂಸ್ಕೃತದ ಅಳತೆಯ ಅಂಗಿ ತೊಡಿಸಿದ್ದೇವೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬುದು ಅವರ ಪುಸ್ತಕದ ಹೆಸರೇ ಆಗಿತ್ತು. ಅವರ ಬರವಣಿಗೆಯ ಕಾಗುಣಿತದ ಬಗ್ಗೆ ನನಗೆ ತಕರಾರುಗಳಿವೆ, ಈ ವಾದದ ಬಗ್ಗೆ ಇಲ್ಲ.

ಬಾಳೆಹೊಸೂರಿನ ಸುತ್ತಲಿನ ಸೀಮೆಗೆ ಈ ವಿಷಯದಲ್ಲಿ ಸ್ವಲ್ಪ ಜಂಬ ಪಡುವ ಹಕ್ಕಿದೆ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡಿನ ಮಾತನ್ನೇ ಕನ್ನಡದ ತಿರುಳು ಎಂದಿತು. 941ರ ಸುಮಾರಿಗೆ ಪಂಪ ತನ್ನ ಭಾರತ ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ತಾನೇ ಹೇಳಿಕೊಂಡ. ಆ ಕಾಲದ ಶಾಸನಗಳಲ್ಲಿ ‘ಬಿಡು’ ಎಂಬುದು ಬಹಳ ಗತ್ತಿನ ಮಾತು. ಬಸದಿಗೆ, ದೇಗುಲಕ್ಕೆ ಇಂತಿಷ್ಟು ಮತ್ತರು ಭೂಮಿಯನ್ನು ದಾನವಾಗಿ ಕೊಟ್ಟದ್ದನ್ನು ಶಾಸನ ಬರೆದವರು ‘ಬಿಟ್ಟರ್’ ಎಂದು ಮುಗಿಸುತ್ತಾರೆ. ರಾಜ ಭೂಮಿಯ ಮೇಲಿನ ತನ್ನ ಹಿಡಿತ ಸಡಿಲಿಸಿದ, ಅದು ದೇವರದಾಯಿತು. ಇಂಗ್ಲಿಷಿನ ‘ಗಿವ್ ಅಪ್’ ಕೂಡ ಮೊದಲು ಚಟಗಳಿಗೆ ಸಂಬಂಧಿಸಿದ್ದಾಗಿರಲಿಲ್ಲ. ಕೋಟೆ, ಊರು, ಹಿಡಿದ ಆಳು ಇಂಥವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವುದಕ್ಕೇ ಅದು ಹುಟ್ಟಿದ್ದು, ತಂಬಾಕು ಬಿಡುವ ಅರ್ಥ ಬಹಳ ಆಮೇಲಿನದು. ಎರಡು ಭಾಷೆಗಳೂ ಭೂಮಿಯಿಂದ ಹೊರಟು ಬೀಡಿಗೆ ಬಂದು ತಲುಪಿವೆ.

ಒಂದು ಎಚ್ಚರ: ಕೂಲಿಯಿಲ್ಲದ ದುಡಿಮೆಗೆ ‘ಬಿಟ್ಟಿ’ ಅನ್ನುತ್ತೇವಲ್ಲ, ಅದಕ್ಕೂ ಈ ‘ಬಿಡು’ಗೂ ನಂಟಿಲ್ಲ. ಅದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಬಿಡುವು, ಬಿಡುಗಡೆ, ಬಿಡಿ ಇವು ಮಾತ್ರ ಒಂದೇ ಮನೆಯವು.

ಶಾಸನದ ಗತ್ತು ಹೋಗಿ ಮಾತು ಈಗ ಹೊಲಕ್ಕೂ ಬಸ್‌ಸ್ಟ್ಯಾಂಡಿಗೂ ಇಳಿದಿದೆ. ಒಂದು ದಿನದ ವ್ಯವಹಾರ ನೋಡಿ. ನಸುಕಿನಲ್ಲಿ ‘ನಳಾ ಬಿಟ್ಟಾರ, ಕೊಡ ತಗೊಂಡ ಬಾ’. ಆಮೇಲೆ ‘ಬಸ್ ಬಿಟ್ತೇನ್ರೀ?’ ‘ಇಲ್ರೀ ಅಕ್ಕಾರ, ಇನ್ನೂ ಬಿಟ್ಟಿಲ್ಲ, ಬರ್ರಿ’. ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದಾರೆ, ಇನ್ನೊಂದು ಹೊಲದಲ್ಲಿ ಮೆಣಸಿನಕಾಯಿ. ಬದುವಿನ ಗಿಡ ಹೂ ಬಿಟ್ಟಿದೆ. ಮಧ್ಯಾಹ್ನ ಮಳೆ ಬಿಟ್ಟಿತು ಅಂದರೆ ನಿಂತಿತು. ಹೊತ್ತು ಇಳಿದಾಗ ‘ಸಾಲಿ ಬಿಡ್ತು’, ಹುಡುಗರು ಬೀದಿಗೆ. ರಾತ್ರಿ ಕಟ್ಟೆಯ ಮೇಲೆ ಯಾರೋ ರೈಲು ಬಿಡುತ್ತಿದ್ದಾನೆ, ಕೇಳುವವರು ‘ಸಾಕ್ ಬಿಡೋ’ ಅನ್ನುತ್ತಾರೆ. ಇವಕ್ಕೆಲ್ಲ ಇಂಗ್ಲಿಷ್ ಬೇಕಾದರೆ ‘ಟರ್ನ್ ಆನ್’, ‘ಸೆಟ್ ಆಫ್’, ‘ಲೆಟ್ ಅಪ್’, ‘ಲೆಟ್ ಔಟ್’ ಎಂದು ಬೇರೆ ಬೇರೆ ಬಾಗಿಲು ಬಡಿಯಬೇಕು. ಮೊದಲು ಇಂಗ್ಲಿಷಿನ ಒಂದು ಮಾತು ನಮ್ಮಲ್ಲಿ ಆರಾಗಿತ್ತು. ಈಗ ಲೆಕ್ಕ ತಿರುಗಿತು. ಸಾಲಿ ಬಿಟ್ಟಿತು ಅಂದರೆ ಗಂಟೆ ಹೊಡೆಯಿತು, ಸಾಲಿ ಬಿಟ್ಟಳು ಅಂದರೆ ಇನ್ನು ಹೋಗುವುದಿಲ್ಲ. ಕ್ರಿಯಾಪದ ಒಂದೇ, ಬಿಟ್ಟವರು ಯಾರು ಎಂಬುದರ ಮೇಲೆ ಎಲ್ಲ ನಿಂತಿದೆ.

ಬಸ್ಸಿನೊಳಗೆ ಇನ್ನೂ ಸೂಕ್ಷ್ಮ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಸೀಟಿನ ಮಾತುಕತೆಗೆ ರಂಗೇರಿದೆ. ಮಹಿಳೆಯರಿಗೆ ಎಂದು ಬರೆದ ಸೀಟಿನಲ್ಲಿ ಕೂತ ಗಂಡಸಿಗೆ ‘ಸೀಟ್ ಬಿಡ್ರೀ’ ಅನ್ನುತ್ತಾರೆ. ಅದು ಹಕ್ಕಿನ ದನಿ. ಬೇರೆ ಸೀಟಿನಲ್ಲಿ ಕೂತ ಕಾಲೇಜು ಹುಡುಗನಿಗೆ ಕಂಡಕ್ಟರು ಹೇಳುವುದು ‘ಏ ತಮ್ಮಾ, ಅಜ್ಜಿಗೆ 
ಸೀಟ್ ಬಿಟ್ಟಕೊಡು’. ಇಲ್ಲಿ ಸೀಟು ಹುಡುಗನದೇ ಎಂದು ಒಪ್ಪಿಕೊಂಡು ಕೇಳಿದ್ದು. ಯಾರೂ ಕಲಿಸದಿದ್ದರೂ ಇವೆರಡನ್ನು ಅದಲುಬದಲು ಮಾಡಿದವರನ್ನು ನಾನು ಕೇಳಿಲ್ಲ.

ಈಗ ಚಟದ ಮಾತಿಗೆ ಬರೋಣ, ಯಾಕೆಂದರೆ ‘ಗಿವ್ ಅಪ್’ ಇಂದು ಹೆಚ್ಚಾಗಿ ಬಳಕೆಯಾಗುವ ಜಾಗಗಳಲ್ಲಿ ಅದೂ ಒಂದು. ಇಂಗ್ಲಿಷ್ ಮೇಷ್ಟ್ರುಗಳು ಪದೇ ಪದೇ ಕೆಂಪು ಗೆರೆ ಎಳೆಯುವ ಒಂದು ಜಾಗವಿದೆ. ಹುಡುಗರು ‘ಗಿವ್ ಅಪ್ ಟು ಸ್ಮೋಕ್’ ಎಂದು ಬರೆಯುತ್ತಾರೆ, ಸರಿಯಾದದ್ದು ‘ಗಿವ್ ಅಪ್ ಸ್ಮೋಕಿಂಗ್’. ಯಾಕೆ ಎಂದು ಕೇಳಿದರೆ ‘ಗಿವ್ ಅಪ್ ಆದ ಮೇಲೆ ಐಎನ್‌ಜಿ ಬರಬೇಕು, ಅದು ರೂಲು’ ಎಂಬ ಉತ್ತರ ಬರುತ್ತದೆ. ಹುಡುಗನ ಬಾಯಲ್ಲೇ ಅದಕ್ಕಿಂತ ಒಳ್ಳೆಯ ಉತ್ತರವಿದೆ. ‘ಅಪ್ಪ ಬೀಡಿ ಸೇದೋದು ಬಿಟ್ಟ’ ಅಂದರೆ ಚಟ ಹೋಯಿತು. ‘ಅಪ್ಪ ಬೀಡಿ ಸೇದಾಕ ಬಿಟ್ಟ’ ಅಂದರೆ ಅಪ್ಪ ಇನ್ಯಾರಿಗೋ ಸೇದಲು ಅವಕಾಶ ಕೊಟ್ಟ! ‘ಸೇದೋದು’ ಎಂಬ ಜಾಗದಲ್ಲಿ ‘ಸೇದಾಕ’ ಹಾಕಿದರೆ ಊರೇ ನಕ್ಕೀತು. ‘ಟು’ ಇದ್ದಲ್ಲಿ ‘ಸೇದಾಕ’, ‘ಐಎನ್‌ಜಿ’ ಇದ್ದಲ್ಲಿ ‘ಸೇದೋದು’ ಎಂದು ಒಮ್ಮೆ ಬೋರ್ಡಿನ ಮೇಲೆ ಎದುರುಬದುರು ಬರೆದು ತೋರಿಸಿದರೆ ಆ ತಪ್ಪಿಗೆ ಮತ್ತೆ ಕೆಂಪು ಗೆರೆ ಬೇಕಾಗುವುದು ಕಡಿಮೆ. ಇಂಗ್ಲಿಷ್ ಕಲಿಸುವಾಗ ಕ್ಲಾಸಿನಲ್ಲಿ ಕನ್ನಡ ಆಡಬಾರದು ಎಂಬ ಕಟ್ಟುಪಾಡು ಹಾಕಿದವರು ಇಂಥ ಕಡೆ ಕೈಯಾರೆ ನಷ್ಟ ಮಾಡಿಕೊಳ್ಳುತ್ತಾರೆ.

ಚಟ ಬಿಡುವುದಕ್ಕೂ ಕೊಡುವುದಕ್ಕೂ ನಿಜವಾಗಿ ಗಂಟು ಹಾಕಿದವರು ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಇದ್ದರು. ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಬೇಡಿದ್ದು ಜೋಳ, ರೊಕ್ಕ ಅಲ್ಲ, ದುಶ್ಚಟಗಳನ್ನು ಬೇಡಿದರು. ಕುಡಿತ, ಬೀಡಿ, ಗುಟ್ಕಾ ಯಾವುದಿದೆಯೋ ಅದನ್ನು ಜೋಳಿಗೆಗೆ ಹಾಕಿ ಎಂದು ಹಳ್ಳಿ ಹಳ್ಳಿ ತಿರುಗಿದರು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬಿಡು ಎಂದು ಉಪದೇಶ ಮಾಡಿದರೆ ಬಿಟ್ಟವನ ಕೈ ಬರಿದಾಗುತ್ತದೆ, ನಾಳೆ ಮತ್ತೆ ಹಿಡಿಯಲು ಅಡ್ಡಿಯಿಲ್ಲ. ಸ್ವಾಮಿಗಳಿಗೆ ಕೊಟ್ಟದ್ದನ್ನು ತಿರುಗಿ ಕೇಳುವುದು ನಮ್ಮ ಸೀಮೆಯಲ್ಲಿ ಆಗದ ಮಾತು. ಇಂಗ್ಲಿಷಿನ ‘ಗಿವ್ ಅಪ್’ನಲ್ಲಿ ‘ಗಿವ್’ ಎಂಬುದು ಸತ್ತು ಎಷ್ಟೋ ಕಾಲವಾಯಿತು, ಆಡುವವರಿಗೆ ಅದು ಕೊಡುವ ಮಾತೆಂದು ನೆನಪೂ ಆಗುವುದಿಲ್ಲ. ಆ ಜೋಳಿಗೆಯಲ್ಲಿ ಅದಕ್ಕೆ ಮತ್ತೆ ಜೀವ ಇತ್ತು.

ಮಠದ ಮಾತು ಬಂದ ಮೇಲೆ ಹತ್ತಿರದ್ದನ್ನೂ ಹೇಳಬೇಕು. ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ ಜನಕ್ಕೆ ಹೇಳುತ್ತ ಬಂದದ್ದು ದ್ವೇಷ ಬಿಟ್ಟು ಪ್ರೀತಿ ಮಾಡಬೇಕೆಂದು. ಅಲ್ಲೂ ‘ಬಿಡು’ ಎಂಬುದೇ ಮಾತು. ಬಾಳೆಹೊಸೂರಿನ ದಿಂಗಾಲೇಶ್ವರ ಮಠದ ಫಕೀರ ದಿಂಗಾಲೇಶ್ವರ ಸ್ವಾಮೀಜಿ 2024ರ ಲೋಕಸಭಾ ಚುನಾವಣೆಗೆ ಧಾರವಾಡ ಕ್ಷೇತ್ರದಿಂದ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ, ಆಮೇಲೆ ಅದನ್ನು ಹಿಂಪಡೆದರು. ಇಂಥ ಸುದ್ದಿಗೆ ಪತ್ರಿಕೆಗಳ ಬಳಿ ಸಿದ್ಧ ಮಾತುಗಳಿವೆ: ‘ಕಣದಿಂದ ಹಿಂದಕ್ಕೆ’, ‘ನಾಮಪತ್ರ ವಾಪಸ್’, ‘ಸ್ಪರ್ಧೆಯಿಂದ ಹಿಂದೆ ಸರಿದರು’. ಯಾವುದರಲ್ಲೂ ‘ಕೈಚೆಲ್ಲಿದರು’ ಎಂಬುದು ಬರುವುದಿಲ್ಲ. ಕೈಚೆಲ್ಲುವುದೆಂದರೆ ಪ್ರಯತ್ನಪಟ್ಟು ಸೋತು ನಿಲ್ಲುವುದು. ಹಿಂದೆ ಸರಿಯುವುದು ಆಟಕ್ಕೆ ಮುಂಚೆಯೇ ಮನಸ್ಸು ಬದಲಿಸುವುದು. ಇಂಗ್ಲಿಷಿನಲ್ಲೂ ‘ಗಿವ್ ಅಪ್’ ಮತ್ತು ‘ಪುಲ್ ಔಟ್’ ಹೀಗೆಯೇ ಬೇರೆ. ಗೈಡಿನ ಪಟ್ಟಿ ಇವನ್ನು ಸಮಾನಾರ್ಥಕ ಎಂದು ಒಂದೇ ಕಂಬಕ್ಕೆ ಕಟ್ಟುತ್ತದೆ.

ಕೈಯ ಮೇಲೆ ನಮ್ಮವರು ಕಟ್ಟಿದ ಮಾತುಗಳೇ ಒಂದು ಸಂತೆ. ಸಾಲ ತೀರಿಸಲಾಗದವ ‘ಕೈ ಎತ್ತಿದ’. ನಂಬಿದ ಪಂಪ್‌ಸೆಟ್ಟು ಸುಗ್ಗಿಯಲ್ಲಿ ‘ಕೈಕೊಟ್ಟಿತು’, ಅದು ಇಂಗ್ಲಿಷಿನ ‘ಗಿವ್ ಔಟ್’. ಗಂಡ ‘ಕೈಬಿಟ್ಟ’. ಹಟಮಾರಿ ಮಗನ ಮುಂದೆ ತಾಯಿ ‘ನಿನಗ ಕೈ ಮುಗದ್ನೆಪಾ’ ಅಂದಳು, ಅದು ‘ಐ ಗಿವ್ ಅಪ್’ಗೆ ಸಮ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ‘ಗಿವ್ ಇನ್’ ಬೇರೆ. ಎದುರಿಗೆ ಇನ್ನೊಬ್ಬ ಇದ್ದು, ಅವನ ಹಟಕ್ಕೆ ಮಣಿದರೆ ಮಾತ್ರ ಅದು. ಸೈಕಲ್ಲಿಗಾಗಿ ಎರಡು ದಿನ ಊಟ ಬಿಟ್ಟ ಮಗನಿಗೆ ಅಪ್ಪ ಮಣಿದರೆ ‘ಗಿವ್ ಇನ್’. ಎರಡು ದಿನಕ್ಕೆ ಮಗನೇ ಹಸಿದು ತಾಟಿನ ಮುಂದೆ ಕೂತರೆ ‘ಗಿವ್ ಅಪ್’.

ಇನ್ನು ಭಾಷೆಯ ಮಜಲುಗಳು. ಇಂಗ್ಲಿಷಿನಲ್ಲಿ ‘ಗಿವ್ ಅಪ್’ ಮನೆಯ ಮಾತು, ‘ಅಬ್ಯಾಂಡನ್’, ‘ಸರೆಂಡರ್’ ಫ್ರೆಂಚಿನಿಂದ ಬಂದು ಕೋರ್ಟಿನಲ್ಲಿ, ದಂಡಿನಲ್ಲಿ ಬೆಳೆದವು. ನಮ್ಮಲ್ಲೂ ಮನೆಗೆ ಬಿಡು, ಗ್ರಂಥಕ್ಕೆ ತ್ಯಜಿಸು. ಕಚೇರಿಗೆ ಮೂರನೆಯದು ಬೇರೆ ಇದೆ. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಆ ಸಂಸ್ಥಾನಿಕರು ರಾಜ್ಯ ಬಿಟ್ಟುಕೊಟ್ಟರೂ ಅವರ ದಫ್ತರದ ಮರಾಠಿ ಪಾರ್ಸಿ ಮಾತುಗಳು ಬಿಟ್ಟುಹೋಗಲಿಲ್ಲ. ಗಂಡ ಹೆಂಡತಿ ಬಿಟ್ಟುದಕ್ಕೆ ಹಳೆಯ ಕಾಗದಗಳಲ್ಲಿ ‘ಸೋಡಚೀಟಿ’, ಮರಾಠಿಯ ‘ಸೋಡಣೆ’ ಅಂದರೆ ಬಿಡುವುದೇ. ನೌಕರಿ ಬಿಡುವುದಕ್ಕೆ ‘ರಾಜೀನಾಮೆ’, ಪಾರ್ಸಿಯಲ್ಲಿ ಅದರ ಅರ್ಥ ಒಪ್ಪಿಗೆಯ ಪತ್ರ. ಹಿಂದಿನ ಮುಂಬೈ ಪ್ರಾಂತ್ಯದ ಕಂದಾಯ ಲೆಕ್ಕದಲ್ಲಿ ರೈತ ತನ್ನ ಸರ್ವೆ ನಂಬರು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದದ್ದೂ ರಾಜೀನಾಮೆಯೇ, ಹಿಡಿಯುವವನು ಬರೆಯುತ್ತಿದ್ದದ್ದು ಕಬೂಲಾಯತು. ಆ ಕಾಗದಗಳಲ್ಲಿ ಭೂಮಿ ಬಿಟ್ಟವನ ರಾಜಿ ಎಷ್ಟಿತ್ತೋ ಹೇಳುವುದು ಕಷ್ಟ, ಬರಗಾಲದಲ್ಲಿ ಕಂದಾಯ ಕಟ್ಟಲಾಗದೆ ಬಿಟ್ಟವನೂ ‘ರಾಜಿ’ ಎಂದೇ ಸಹಿ ಹಾಕಬೇಕು.

ಇದೇ ‘ಬಿಡು’ವಿಗೆ ಒಂದು ಕತ್ತಲ ಮುಖವೂ ಇದೆ, ಅದನ್ನು ಮುಚ್ಚಿಟ್ಟು ಈ ಮಾತಿನ ಹಿರಿಮೆ ಹಾಡುವಂತಿಲ್ಲ. ಹರಕೆಗೆ ಹೋರಿಯನ್ನು ದೇವರಿಗೆ ಬಿಡುವಂತೆ ನಮ್ಮ ಸೀಮೆಗಳಲ್ಲಿ ಹೆಣ್ಣುಮಕ್ಕಳನ್ನೂ ‘ಬಸವಿ ಬಿಡುತ್ತಿದ್ದರು’. ಕಾನೂನು ಇದನ್ನು ‘ಸಮರ್ಪಣೆ’ ಎಂದಿತು, 1982ರ ಕರ್ನಾಟಕ ಕಾಯ್ದೆಯ ಹೆಸರಿನಲ್ಲೇ ದೇವದಾಸಿ ಸಮರ್ಪಣೆಯ ನಿಷೇಧ ಎಂದಿತ್ತು. ಸಮರ್ಪಣೆ ಅಂದಾಗ ಹೂವು, ಹಣ್ಣು, ಮಂಗಳಾರತಿ ಕಣ್ಣಿಗೆ ಬರುತ್ತದೆ. ‘ಬಿಟ್ಟರು’ ಅಂದಾಗ ಆ ಹುಡುಗಿಗೆ ಏನಾಯಿತು ಎಂಬುದು ಕಾಣುತ್ತದೆ. ನೆರೆಹೊರೆಯವರು ಕ್ರೂರವಾಗಿಯಾದರೂ ನಿಜವನ್ನೇ ಹೇಳಿದ್ದರು.

ವ್ಯಾಕರಣದ ಒಂದು ಸಣ್ಣ ಸ್ವಾರಸ್ಯ ಉಳಿದಿದೆ. ಇಂಗ್ಲಿಷಿನ ‘ಗಿವ್’ಗೂ ‘ಅಪ್’ಗೂ ನಡುವೆ ‘ಇಟ್’ ಎಂಬ ಸರ್ವನಾಮ ನುಸುಳುತ್ತದೆ. ‘ಗಿವ್ ಇಟ್ ಅಪ್’ ಸರಿ, ‘ಗಿವ್ ಅಪ್ ಇಟ್’ ತಪ್ಪು. ಹುಡುಗರಿಗೆ ಇದು ಅನ್ಯಾಯವೆನಿಸುತ್ತದೆ, ಒಂದೇ ಮಾತನ್ನು ಸೀಳಿ ನಡುವೆ ಇನ್ನೊಂದನ್ನು ಇಡುವುದು ಎಲ್ಲಿಯ ನ್ಯಾಯ ಎಂದು. ಆದರೆ ನಮ್ಮ ‘ಬಿಟ್ಟುಬಿಟ್ಟ’ನ ನಡುವೆಯೂ ಒಂದು ಸಂದಿ ಇದೆ, ಅಲ್ಲಿ ನಾವು ‘ಏ’ ಎಂಬ ಒಂದಕ್ಷರ ತೂರಿಸುತ್ತೇವೆ: ‘ಬಿಟ್ಟೇ ಬಿಟ್ಟ’. ಯಾರೂ ನಂಬಿರಲಿಲ್ಲ, ಆದರೂ ಬಿಟ್ಟ ಎಂಬ ಇಡೀ ಊರಿನ ಅಚ್ಚರಿ ಆ ಏಕಾರದಲ್ಲಿದೆ. ಅದನ್ನು ಕೊನೆಗೆ ಹಾಕಿ ‘ಬಿಟ್ಟುಬಿಟ್ಟನೇ’ ಅಂದರೆ ಪ್ರಶ್ನೆಯಾಗಿಬಿಡುತ್ತದೆ. ಜಾಗ ತಪ್ಪಿದರೆ ಅರ್ಥ ತಪ್ಪುವುದು ನಮಗೆ ಹೊಸದಲ್ಲ.

ಕೊನೆಗೆ, ಇಂಗ್ಲಿಷಿನ ಯಾವ ‘ಅಪ್’, ‘ಆಫ್’ಗೂ ಸಿಗದ ಒಂದು ಬಳಕೆ. ಉಳ್ಳಾಗಡ್ಡಿ ಸುಗ್ಗಿಯಲ್ಲಿ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಂತರೆ ಕೇಳುತ್ತದೆ. ‘ಮತ್ತ ರೇಟ್ ಬಿತ್ತಂತಲ್ರೀ ಮಾಮಾ?’ ‘ಬೀಳ್ಲಿ ಬಿಡ್ರಿ.’ ‘ಲಾರಿ ಬಾಡಿಗೀನೂ ಹುಟ್ಟಂಗಿಲ್ಲ.’ ‘ಹುಟ್ಟದಿದ್ರ ಹೊಲದಾಗ ಬಿಡೋದು, ಮತ್ತೇನು.’ ಎರಡು ‘ಬಿಡು’ಗಳ ನಡುವಿನ ದೂರ ನೋಡಿ. ಹೊಲದಲ್ಲಿ ಬಿಡೋದು ಎಂಬುದು ನಿಜವಾದ ‘ಗಿವ್ ಅಪ್’, ಕಿತ್ತ ಕೂಲಿಯೂ ಬಾರದೆಂದು ಬೆಳೆದದ್ದನ್ನು ಮಣ್ಣಿನಲ್ಲೇ ಬಿಡುವುದು. ‘ಬೀಳ್ಲಿ ಬಿಡ್ರಿ’ಯಲ್ಲಿ ಆತ ಬಿಟ್ಟದ್ದು ಬರೀ ಆ ಹೊತ್ತಿನ ಚಿಂತೆ. ಚಹಾ ಕುಡಿದು, ಕಪ್ಪು ಇಟ್ಟು, ಯಾವ ದಲಾಲರು ಎಷ್ಟು ಹೇಳಿದರು ಎಂದು ಪಕ್ಕದವನನ್ನು ಕೇಳುತ್ತ ಆತ ಮಾರ್ಕೆಟ್ಟಿನ ಕಡೆಗೇ ಹೊರಟಿದ್ದಾನೆ.